‘ಅಲೈಡ್’ ನೋಡಿದವರು ಬನ್ನಿ: ಹೆಂಡತಿಯ ಮೇಲೆ ಅನುಮಾನ ಅಂತ ಗಂಡನಿಗೇ ಹೇಳುವ ಬೇಹುಗಾರಿಕೆ ಇಲಾಖೆ ಎಲ್ಲಾದರೂ ಇದೆಯಾ?

ಕೋಡಿಬಾಗ ಕಡಲು:
ಕಥೆ ಪೂರ್ತಿ ಹೇಳುತ್ತಿದ್ದೇನೆ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ.

ಈ ವಾರ ನಮ್ಮ ಗುಂಪಿನಲ್ಲಿ ನೋಡಲು ಆರಿಸಿದ್ದು 2016ರ ‘ಅಲೈಡ್’. ಬ್ರಾಡ್ ಪಿಟ್, ಮರಿಯಾನ್ ಕೊಟಿಯಾರ್ ಜೋಡಿ. 1942ರ ಕಾಸಾಬ್ಲಾಂಕಾದಲ್ಲಿ ಇಬ್ಬರೂ ಗಂಡ ಹೆಂಡತಿ ಅಂತ ನಾಟಕವಾಡಿ ಜರ್ಮನ್ ರಾಯಭಾರಿಯನ್ನು ಕೊಲ್ಲುತ್ತಾರೆ. ಲಂಡನ್ನಿಗೆ ಬಂದು ನಿಜವಾಗಿಯೇ ಮದುವೆಯಾಗುತ್ತಾರೆ, ಹೆಣ್ಣು ಮಗು ಹುಟ್ಟುತ್ತದೆ. ಅಲ್ಲಿಯವರೆಗೂ ನನಗೆ ತುಂಬಾ ಹಿಡಿಸಿತು. ಆಮೇಲೆ ಇಲಾಖೆಯವರು ಗಂಡನನ್ನು ಕರೆಸಿ, ನಿನ್ನ ಹೆಂಡತಿ ಜರ್ಮನ್ನರ ಕಡೆಯವಳು ಅಂತ ಅನುಮಾನ ಇದೆ, ರಾತ್ರಿ ಫೋನ್ ಮಾಡಿ ಒಂದು ಸುಳ್ಳು ಸುದ್ದಿ ಕೊಡುತ್ತೇವೆ, ಅವಳ ಕಣ್ಣಿಗೆ ಬೀಳುವ ಹಾಗೆ ಬರೆದಿಡು, ಜರ್ಮನ್ನರ ಸಂದೇಶದಲ್ಲಿ ಅದೇ ಸುದ್ದಿ ಸಿಕ್ಕರೆ ನಿನ್ನ ಕೈಯಾರೆ ಅವಳನ್ನು ಕೊಲ್ಲಬೇಕು ಅನ್ನುತ್ತಾರೆ.

ಇದೆಂಥ ಲಾಜಿಕ್ ಮಾರಾಯ್ರೆ? ಬಲೆ ಬೀಸುವ ಮೊದಲೇ ಮನೆಯವನಿಗೆ ಬಲೆ ತೋರಿಸುತ್ತಾರಾ? ಅವನು ಹೆಂಡತಿಯನ್ನು ಪ್ರೀತಿಸುತ್ತಾನೆ, ಅವನೇ ಅವಳಿಗೆ ಸೂಚನೆ ಕೊಟ್ಟರೆ ಮುಗಿಯಿತು. ಸುಮ್ನೆ ಒಂದು ಸುಳ್ಳು ಸುದ್ದಿ ಕೊಟ್ಟು, ಗಂಡನಿಗೆ ಏನೂ ಹೇಳದೆ ಕಾದಿದ್ದರೆ ಕೆಲಸ ಆಗುತ್ತಿತ್ತು.

ಎರಡನೆಯದು, ಜರ್ಮನ್ನರ ಗೂಢಚಾರಿಣಿ ಜರ್ಮನ್ ರಾಯಭಾರಿಯನ್ನೇ ಯಾಕೆ ಗುಂಡಿಕ್ಕಿ ಕೊಂದಳು? ಮೂರನೆಯದು, ಅವಳು ಬಂದಿದ್ದು ಸತ್ತುಹೋದ ಇನ್ನೊಬ್ಬ ಹೆಂಗಸಿನ ಹೆಸರಿನಲ್ಲಿ. ಮದುವೆಗೆ ಅನುಮತಿ ಕೊಡುವಾಗ ಒಂದು ಫೋಟೊ ಹಿಡಿದು ಫ್ರಾನ್ಸಿನಲ್ಲಿ ವಿಚಾರಿಸಲು ಯಾರಿಗೂ ಹೊಳೆಯಲಿಲ್ಲವಾ? ನಿಮಗೆ ಕಂಡ ತೂತುಗಳನ್ನೂ ಹೇಳಿ.

ಅಂಕೋಲೆ ಅಕ್ಕ:
ತಮ್ಮಾ, ಎರಡನೆಯದಕ್ಕೆ ಉತ್ತರ ಸಿನಿಮಾದಲ್ಲೇ ಇದೆ. ಆ ರಾಯಭಾರಿ ಹಿಟ್ಲರನ ವಿರೋಧಿ, ಅವನು ಸತ್ತರೆ ಹಿಟ್ಲರನಿಗೂ ಅನುಕೂಲ, ಹಾಗಾಗಿ ಅವಳ ಮೇಲೆ ಬ್ರಿಟಿಷರಿಗೆ ನಂಬಿಕೆ ಬರಲಿ ಅಂತ ಆ ಕೆಲಸ ಮಾಡಿಸಿದರು ಅಂತ ಆ ಅಧಿಕಾರಿಯೇ ಹೇಳುತ್ತಾನೆ.

ಕೋಡಿಬಾಗ ಕಡಲು:
ಹೇಳುತ್ತಾನೆ ಅಕ್ಕಾ, ಆದರೆ ಒಂದೇ ಸಾಲಿನಲ್ಲಿ. ಮೊದಲ ಅರ್ಧ ಸಿನಿಮಾ ನಿಂತಿರುವುದೇ ಆ ಕೊಲೆಯ ಮೇಲೆ. ಅದನ್ನು ತಿರುವಿ ಹಾಕುವ ವಿಷಯವನ್ನು ಮೇಜಿನ ಹಿಂದೆ ಕೂತವನೊಬ್ಬ ಬಾಯಿಮಾತಲ್ಲಿ ಹೇಳಿದರೆ ಸಾಕಾ? ಒಂದು ಸೀನ್ ಆದರೂ ಬೇಡವಾ?

ಶಿರಸಿ ಮಳೆ:
ನಮ್ಮಲ್ಲಿ ಗಾಳಿ ಮಳೆ, ಕರೆಂಟ್ ಇಲ್ಲ. ಅರ್ಧಕ್ಕೆ ನಿಂತಿದೆ. ಆದರೂ ಪೂರ್ತಿ ಓದಿಬಿಟ್ಟೆ. ಹೆಂಡತಿಯ ಮೇಲೆ ಅನುಮಾನ ಬರುತ್ತದೆ ಅಂತ ಟ್ರೇಲರಿನಲ್ಲೇ ಗೊತ್ತಾಗಿತ್ತು ಬಿಡಿ, ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

ಭಟ್ರ ಮನೆ ಮಾಣಿ:
ಟ್ರೇಲರ್ ವಿಷಯ ಸರಿಯಾಗಿ ಹೇಳಿದ್ರಿ. ನನ್ನ ಪ್ರಕಾರ ಅರ್ಧ ಜನರ ಸಿಟ್ಟಿಗೆ ಆ ಟ್ರೇಲರೇ ಕಾರಣ. ಓಡುವ ಕಾರು, ಬಾಂಬು, ಗುಂಡು ಎಲ್ಲ ತೋರಿಸಿ ಥ್ರಿಲ್ಲರ್ ಅಂತ ನಂಬಿಸಿದರು. ಒಳಗೆ ಇರುವುದು ನಿಧಾನವಾದ ಸಂಸಾರದ ಕಥೆ. ಅರ್ಧಕ್ಕಿಂತ ಜಾಸ್ತಿ ಹೊತ್ತು ಒಬ್ಬ ಗಂಡಸು ತನ್ನದೇ ಮನೆಯಲ್ಲಿ ಹೆಂಡತಿಯ ಮುಖ ನೋಡುತ್ತಾ ಕೂತಿರುತ್ತಾನೆ. ಅದನ್ನು ನೋಡಲು ಬಂದವರಿಗೆ ಇಷ್ಟವಾಗುತ್ತದೆ, ಬೇರೆ ಏನೋ ಬೇಕು ಅಂತ ಬಂದವರಿಗೆ ಆಗುವುದಿಲ್ಲ.

ಆದರೆ ಫೋಟೊ ವಿಷಯದಲ್ಲಿ ನಾನು ಪೂರ್ತಿ ಕಡಲು ಅವರ ಕಡೆ. ನಮ್ಮ ಶಿರಸಿ ಸಿದ್ದಾಪುರ ಕಡೆ ಒಂದು ಹೆಣ್ಣು ತರಬೇಕಾದರೆ ಗೋತ್ರ, ಜಾತಕ, ಅಜ್ಜಿಯ ತವರು, ತೋಟ ಎಷ್ಟು, ಸೋದರಮಾವ ಯಾರು ಅಂತ ನಾಲ್ಕು ಕಡೆ ಕೇಳಿ ಬರುತ್ತಾರೆ. ಯುದ್ಧದ ಹೊತ್ತಲ್ಲಿ, ಶತ್ರುಗಳ ಹಿಡಿತದಲ್ಲಿರುವ ದೇಶದಿಂದ ಬಂದವಳನ್ನು, ಅದೂ ವಾಯುಪಡೆಯ ವಿಂಗ್ ಕಮಾಂಡರ್ ಒಬ್ಬನ ಮನೆಗೆ, ಅಷ್ಟೂ ವಿಚಾರಿಸದೆ ಬಿಟ್ಟರು ಅಂದರೆ ನಂಬುವುದು ಕಷ್ಟ.

ಕುಮಟೆ ಮಾಸ್ತರು:
ಎಲ್ಲರಿಗೂ ನಮಸ್ಕಾರ. ಇತಿಹಾಸ ಪಾಠ ಮಾಡಿದವನಾದ್ದರಿಂದ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಸಣ್ಣ ವಿಷಯ. ಕಾಸಾಬ್ಲಾಂಕಾದಲ್ಲಿ ಜರ್ಮನ್ ರಾಯಭಾರಿ ಇರುವ ಪ್ರಶ್ನೆಯೇ ಇರಲಿಲ್ಲ. ಕಾಸಾಬ್ಲಾಂಕಾ ಇರುವ ಮೊರಾಕೊ ಆಗ ಫ್ರೆಂಚರ ರಕ್ಷಣೆಯಲ್ಲಿದ್ದ ನಾಡು, ಆಡಳಿತದ ರಾಜಧಾನಿ ರಬಾತ್. ಜರ್ಮನ್ನರ ಕಡೆಯಿಂದ ಅಲ್ಲಿ ಇದ್ದದ್ದು ಸೋತ ಫ್ರಾನ್ಸಿನ ಮೇಲೆ ಕಣ್ಣಿಡುವ ಕದನವಿರಾಮ ಆಯೋಗದವರು. 1942ರ ನವೆಂಬರ್ 8ಕ್ಕೆ ಅಮೆರಿಕದ ಸೈನ್ಯ ಅಲ್ಲಿ ಇಳಿಯಿತು. ಇದನ್ನು ನಾನು ದೊಡ್ಡ ತಪ್ಪು ಅನ್ನುವುದಿಲ್ಲ, ಕಥೆಗೆ ಒಬ್ಬ ದೊಡ್ಡ ಮನುಷ್ಯ ಬೇಕಿತ್ತು, ಇಟ್ಟುಕೊಂಡರು.

ದೊಡ್ಡ ತಪ್ಪು ಬೇರೆ ಇದೆ. ಸಿಕ್ಕಿಬಿದ್ದ ಗೂಢಚಾರರನ್ನು ಬ್ರಿಟಿಷರು ಏನು ಮಾಡುತ್ತಿದ್ದರು? ಆದಷ್ಟು ಮಟ್ಟಿಗೆ ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. 1941ರ ಜನವರಿಯಿಂದ ಇದಕ್ಕೆಂದೇ ಒಂದು ಸಮಿತಿ ಇತ್ತು, ಆಕ್ಸ್‌ಫರ್ಡಿನ ಮಾಸ್ಟರ್‌ಮನ್ ಅದರ ಅಧ್ಯಕ್ಷರು. 1941ರ ಕೊನೆಗೆ ಜರ್ಮನ್ ಬೇಹು ಇಲಾಖೆ ಎನಿಗ್ಮಾ ಅನ್ನುವ ಗೂಢಲಿಪಿ ಯಂತ್ರದಲ್ಲಿ ಕಳಿಸುತ್ತಿದ್ದ ಸಂದೇಶಗಳನ್ನೂ ಓದಲು ಶುರು ಮಾಡಿದ್ದರು. ಅಂದರೆ ತಾವು ಕಳಿಸಿದ ಸುಳ್ಳನ್ನು ಶತ್ರು ನಂಬಿದನೋ ಇಲ್ಲವೋ ಅಂತ ಶತ್ರುವಿನ ಬಾಯಿಂದಲೇ ತಿಳಿಯುತ್ತಿತ್ತು. ಜರ್ಮನ್ನರ ಗೂಢಚಾರನ ಹಾಗೆ ನಟಿಸುತ್ತಾ ಬ್ರಿಟಿಷರ ಕಡೆ ಕೆಲಸ ಮಾಡುತ್ತಿದ್ದ, ಗಾರ್ಬೊ ಅನ್ನುವ ಗುಪ್ತ ಹೆಸರಿನ ಸ್ಪೇನಿನ ಹುವಾನ್ ಪುಜೋಲ್ ಇಲ್ಲದ 27 ಜನ ಸಹಾಯಕರನ್ನು ಕಾಗದದ ಮೇಲೆ ಹುಟ್ಟಿಸಿ ಜರ್ಮನ್ನರನ್ನು ನಂಬಿಸಿದ. 1944ರ ಜೂನ್‌ನಲ್ಲಿ ನಾರ್ಮಂಡಿ ದಾಳಿ ಆದಮೇಲೂ, ನಿಜವಾದ ದಾಳಿ ಫ್ರಾನ್ಸಿನ ಇನ್ನೊಂದು ಕರಾವಳಿ ಕಾಲೇ ಕಡೆಯಿಂದ ಬರುತ್ತದೆ ಅಂತ ಅವರು ಸೈನ್ಯವನ್ನು ಅಲ್ಲೇ ಇಟ್ಟುಕೊಂಡು ಕಾದರು. ಪುಜೋಲನಿಗೆ ಜರ್ಮನ್ನರ ಐರನ್ ಕ್ರಾಸ್ ಪದಕ ಕೂಡ ಬಂತು, ಬ್ರಿಟಿಷರ ಎಂಬಿಇ ಗೌರವ ಕೂಡ ಬಂತು.

ಈಗ ಸಿನಿಮಾಕ್ಕೆ ಬನ್ನಿ. ಸುಳ್ಳು ಸುದ್ದಿ ಜರ್ಮನ್ನರ ಸಂದೇಶದಲ್ಲಿ ಸಿಕ್ಕರೆ ಅವಳು ಗೂಢಚಾರಿಣಿ ಅಂತ ಸಾಬೀತು. ಸರಿ, ಸಿಕ್ಕಿತು ಅಂದುಕೊಳ್ಳಿ. ಅವಳ ಕೈಯಿಂದ ಹೋದ ಸುದ್ದಿಯನ್ನು ಜರ್ಮನ್ನರು ನಂಬಿ ಮುಂದೆ ಕಳಿಸುತ್ತಾರೆ ಅಂತ ಕಣ್ಣಾರೆ ಕಂಡಾಯಿತು. ಮಗು ಮನೆಯಲ್ಲಿದೆ, ಗಂಡ ನಮ್ಮವನೇ. ಇದಕ್ಕಿಂತ ಒಳ್ಳೆಯ ಕೊಂಡಿ ಯಾವ ಇಲಾಖೆಗೆ ಸಿಗುತ್ತದೆ? ಅಂಥವಳನ್ನು ಕೊಂದುಬಿಡು ಅನ್ನುತ್ತಾರಲ್ಲ, ನನ್ನ ಮಟ್ಟಿಗೆ ಸಿನಿಮಾ ಮುರಿದು ಬೀಳುವುದು ಅಲ್ಲಿ.

ಬೈತಖೋಲ:
ಮಾಸ್ತರೇ, ಬ್ರಿಟಿಷರು ಯಾರನ್ನೂ ಕೊಲ್ಲಲೇ ಇಲ್ಲ ಅನ್ನುವ ಹಾಗಿದೆ ನಿಮ್ಮ ಮಾತು. ಗುಂಡು ಹೊಡೆದವರೂ ಇದ್ದಾರೆ ಅಲ್ವಾ?

ಕುಮಟೆ ಮಾಸ್ತರು:
ಇದ್ದಾರೆ. ಯೋಸೆಫ್ ಯಾಕೋಬ್ಸ್ ಅನ್ನುವವನನ್ನು 1941ರ ಆಗಸ್ಟ್ 15ರಂದು ಲಂಡನ್ ಟವರಿನಲ್ಲಿ ಗುಂಡಿಕ್ಕಿ ಕೊಂದರು. ಇನ್ನು ಕೆಲವರನ್ನು ಗಲ್ಲಿಗೆ ಹಾಕಿದರು. ಆದರೆ ವಿಚಾರಣೆ ಮಾಡಿ, ಗೂಢಚಾರರಿಗೆಂದೇ ಮಾಡಿದ 1940ರ ಕಾಯ್ದೆಯ ಪ್ರಕಾರ ಶಿಕ್ಷೆ ಕೊಟ್ಟು. ವೈಟ್ ದ್ವೀಪದ ಡೊರೊಥಿ ಓಗ್ರೇಡಿ ಅನ್ನುವ ಹೆಂಗಸಿಗೂ ಮರಣದಂಡನೆ ಆಗಿತ್ತು, ಮೇಲ್ಮನವಿಯಲ್ಲಿ ಅದು 14 ವರ್ಷದ ಜೈಲಾಯಿತು. ಗಂಡನ ಕೈಯಲ್ಲಿ ಪಿಸ್ತೂಲು ಕೊಟ್ಟು, ಹೋಗಿ ಮುಗಿಸಿ ಬಾ ಅನ್ನುವ ಪದ್ಧತಿ ಸಿನಿಮಾದವರು ಕಟ್ಟಿದ್ದು.

ಭಟ್ರ ಮನೆ ಮಾಣಿ:
ಕಟ್ಟಿದ್ದೇ ಇರಲಿ ಮಾಸ್ತರೇ. ಆ ಆಜ್ಞೆ ಇಲ್ಲದಿದ್ದರೆ ಕಥೆಯೇ ಇಲ್ಲ. ನೀವು ಹೇಳಿದ ಹಾಗೆ ಅವಳನ್ನು ತಿರುಗಿಸಿಕೊಂಡಿದ್ದರೆ ಎಲ್ಲರೂ ಸುಖವಾಗಿ ಇರುತ್ತಿದ್ದರು, ನಮಗೆ ನೋಡಲು ಏನಿರುತ್ತಿತ್ತು?

ಹೊನ್ನಾವರ ಹೊಳೆ:
ಮಾಣಿ, ಇದನ್ನು ನಾನು ಒಪ್ಪುವುದಿಲ್ಲ. ತಿರುಗಿಸಿಕೊಂಡರೆ ಸುಖ ಅಂತ ಯಾರು ಹೇಳಿದರು? ಅಲ್ಲಿಂದಲೇ ನಿಜವಾದ ಕಥೆ ಶುರುವಾಗುತ್ತಿತ್ತು. ಟ್ರೆಷರ್ ಅಂತ ಗುಪ್ತ ಹೆಸರಿದ್ದ ಲಿಲಿ ಸೆರ್ಗೆಯೆವ್ ಕಥೆ ಓದಿ. ರಷ್ಯಾ ಮೂಲದ ಫ್ರೆಂಚ್ ಹೆಂಗಸು, ಜರ್ಮನ್ನರು ಕಳಿಸಿದವಳು, ಬ್ರಿಟಿಷರ ಕಡೆ ಕೆಲಸ ಮಾಡಿದವಳು. ಅವಳ ಪ್ರೀತಿಯ ನಾಯಿಯನ್ನು ಇಂಗ್ಲೆಂಡಿಗೆ ತರಿಸಿಕೊಡುತ್ತೇವೆ ಅಂತ ಮಾತು ಕೊಟ್ಟು ತಪ್ಪಿದರು, ನಾಯಿ ಸತ್ತೇಹೋಯಿತು. ಅವಳಿಗೆ ಎಷ್ಟು ಸಿಟ್ಟು ಬಂತು ಅಂದರೆ, ನಾನು ಸಿಕ್ಕಿಬಿದ್ದಿದ್ದೇನೆ ಅಂತ ಜರ್ಮನ್ನರಿಗೆ ತಿಳಿಸುವ ಒಂದು ಗುಪ್ತ ಗುರುತನ್ನು ಬ್ರಿಟಿಷರಿಗೆ ಹೇಳದೆ ತನ್ನಲ್ಲೇ ಇಟ್ಟುಕೊಂಡಳು. ಸಂದೇಶದಲ್ಲಿ ಆ ಗುರುತನ್ನು ಒಂದು ಸಲ ಕೊಟ್ಟಿದ್ದರೆ ನಾರ್ಮಂಡಿ ಗುಟ್ಟು ಏನಾಗುತ್ತಿತ್ತೋ.

ಒಂದು ನಾಯಿಗೆ ಇಷ್ಟು. ಇಲ್ಲಿ ಗಂಡ ಇದ್ದಾನೆ, ಮಗು ಇದೆ. ಅವಳು ಮೇಜಿನ ಮುಂದೆ ಕೂತು ಸುಳ್ಳು ಸಂದೇಶ ಕಳಿಸುತ್ತಿದ್ದಾಳೆ, ಪಕ್ಕದಲ್ಲಿ ಗಂಡ ಕೂತಿದ್ದಾನೆ, ಅವಳ ಬೆರಳು ಸರಿಯಾಗಿ ಆಡುತ್ತಿದೆಯಾ ಅಂತ ಅವನಿಗೆ ಗೊತ್ತಿಲ್ಲ. ಪ್ರತಿ ರಾತ್ರಿ ಅನುಮಾನ, ಪ್ರತಿ ಬೆಳಿಗ್ಗೆ ಒಟ್ಟಿಗೆ ತಿಂಡಿ. ಇದನ್ನು ಬಿಟ್ಟು ಮೂರು ದಿನದಲ್ಲಿ ಎಲ್ಲ ಮುಗಿಸಿದರು ಅಂತ ನನಗೆ ಬೇಜಾರು.

ಶಿರಸಿ ಮಳೆ:
ಈ ಸಿನಿಮಾ ಯಾರಾದರೂ ಮಾಡಿ, ನಾನು ಟಿಕೆಟ್ ತೆಗೆದುಕೊಂಡು ನೋಡುತ್ತೇನೆ.

ಯಾಣದ ಹಾದಿ:
ವಿಮಾನದ ವಿಷಯ ಯಾರೂ ಹೇಳಲಿಲ್ಲ. ಹೆಂಡತಿಯ ಗುರುತು ಕೇಳಲು ಅವನು ರಾತ್ರಿ ಲೈಸಾಂಡರ್ ವಿಮಾನ ಹಾರಿಸಿಕೊಂಡು ಫ್ರಾನ್ಸಿನ ದಿಯೆಪ್‌ಗೆ ಹೋಗುತ್ತಾನೆ, ಜೈಲಿನಲ್ಲಿರುವ ಕುಡುಕನೊಬ್ಬನನ್ನು ಮಾತಾಡಿಸಿ ವಾಪಸ್ ಬರುತ್ತಾನೆ. ಲೈಸಾಂಡರ್ ಸರಿಯಾದ ವಿಮಾನವೇ, ನಿಜವಾಗಿಯೂ ಗೂಢಚಾರರನ್ನು ಬಿಡಲು ತರಲು ಅದನ್ನೇ ಬಳಸುತ್ತಿದ್ದರು, ಸಣ್ಣ ಗದ್ದೆಯಲ್ಲೂ ಇಳಿಯುತ್ತಿತ್ತು. ಆದರೆ ಬೆಳದಿಂಗಳು ಬೇಕು. ಪೈಲಟ್ ನದಿ, ರೈಲು ಹಳಿ ನೋಡಿಕೊಂಡೇ ದಾರಿ ಹಿಡಿಯಬೇಕು, ಅದಕ್ಕೇ ಹುಣ್ಣಿಮೆಯ ಆಚೀಚೆ ಮಾತ್ರ ಹಾರಾಟ. ಕೆಳಗೆ ಮೂರು ಟಾರ್ಚ್‌ಗಳನ್ನು ‘ಎಲ್’ ಆಕಾರದಲ್ಲಿ ಇಟ್ಟವರು ಕಾದಿರಬೇಕು, ಅವರಿಗೆ ಮೊದಲೇ ಸುದ್ದಿ ಹೋಗಿರಬೇಕು. ಮೇಲಧಿಕಾರಿಗಳಿಗೆ ತಿಳಿಯದ ಹಾಗೆ ಇಷ್ಟೆಲ್ಲ ಒಂದೇ ರಾತ್ರಿಯಲ್ಲಿ ಹೇಗೆ ಹೊಂದಿಸಿದ?

ಅಂಕೋಲೆ ಅಕ್ಕ:
ಹೆಂಡತಿಯ ಜೀವ ಉಳಿಸಲು ಹೊರಟವನಿಗೆ ಬೆಳದಿಂಗಳ ಲೆಕ್ಕ ಕೇಳುತ್ತೀರಾ! ಆ ಹೊತ್ತಲ್ಲಿ ಅವನ ಅವಸರ ನನಗೆ ನಿಜ ಅನ್ನಿಸಿತು, ಅಷ್ಟು ಸಾಕು.

ಯಾಣದ ಹಾದಿ:
ಅವಸರ ನಿಜವೇ ಅಕ್ಕಾ. ಆದರೆ ಅವನ ಖಾಸಗಿ ಕೆಲಸಕ್ಕೆ ಎಷ್ಟು ಜನ ಸಾಯುತ್ತಾರೆ ನೋಡಿ. ಮೊದಲು ಫೋಟೊ ಕೊಟ್ಟು ಕಳಿಸಿದ ಆ ಎಳೆ ಹುಡುಗ ಪೈಲಟ್ ಸತ್ತ. ಆಮೇಲೆ ದಿಯೆಪ್‌ನಲ್ಲಿ ಗುಂಡಿನ ಚಕಮಕಿ. ಸಿನಿಮಾ ಆ ಹುಡುಗನ ಬಗ್ಗೆ ಒಂದು ನಿಮಿಷ ನಿಲ್ಲುವುದಿಲ್ಲ, ನಾಯಕನ ಸಂಕಟ ಮಾತ್ರ ಸಂಕಟ. ನನಗೆ ಲೆಕ್ಕಕ್ಕಿಂತ ಅದು ಜಾಸ್ತಿ ಚುಚ್ಚಿತು.

ಸದಾಶಿವಗಡ ಹುಡುಗಿ:
ಬಾಂಬ್ ದಾಳಿಯ ನಡುವೆ ಆಸ್ಪತ್ರೆಯ ಅಂಗಳದಲ್ಲಿ ಹೆರಿಗೆ ಮಾಡಿಸುವ ಸೀನ್ ಇದೆಯಲ್ಲ, ಲಂಡನ್ ಮೇಲೆ ದೊಡ್ಡ ದಾಳಿ 1941ರ ಮೇ ತಿಂಗಳಿಗೇ ಮುಗಿದಿತ್ತು ಅಂತ ಓದಿದ್ದೇನೆ. ಇದೂ ತಪ್ಪಾ ಮಾಸ್ತರೇ?

ಕುಮಟೆ ಮಾಸ್ತರು:
ದಿನಾ ರಾತ್ರಿ ಬೀಳುತ್ತಿದ್ದ ಕಾಲ ಮುಗಿದಿತ್ತಮ್ಮ. ಆದರೆ ಸಣ್ಣ ದಾಳಿಗಳು ನಿಂತಿರಲಿಲ್ಲ, 1944ರ ಜನವರಿಯಿಂದ ಮೇ ತನಕ ಮತ್ತೆ ಜೋರಾಗಿ ಬಂದರು. ಬಾಂಬ್ ಬಿದ್ದದ್ದೇ ಸುಳ್ಳು ಅನ್ನಲು ಬರುವುದಿಲ್ಲ. ಸಿನಿಮಾದವರು ಅದನ್ನು 1940ರ ಹಾಗೆ ದೊಡ್ಡದು ಮಾಡಿ ತೋರಿಸಿದ್ದಾರೆ.

ಸದಾಶಿವಗಡ ಹುಡುಗಿ:
ಸರಿ ಸರ್. ಇನ್ನೊಂದು ಮಾತು. ಆ ಕಾಲದ ಹೆಣ್ಣು ಗೂಢಚಾರರು ಅಂದರೆ ರೇಷ್ಮೆ ಗೌನ್, ಲಿಪ್‌ಸ್ಟಿಕ್, ಪಾರ್ಟಿ ಅಂತ ಈ ಸಿನಿಮಾಗಳು ಕಲಿಸಿಬಿಟ್ಟಿವೆ. ವಸ್ತ್ರವಿನ್ಯಾಸಕ್ಕೆ ಆಸ್ಕರ್ ನಾಮನಿರ್ದೇಶನ ಬಂದದ್ದು ನ್ಯಾಯವೇ, ಬಟ್ಟೆ ಚೆನ್ನಾಗಿವೆ. ಆದರೆ ನಮ್ಮ ಟಿಪ್ಪು ಸುಲ್ತಾನನ ವಂಶದ ನೂರ್ ಇನಾಯತ್ ಖಾನ್ ಇದ್ದಳಲ್ಲ, ಬ್ರಿಟಿಷರ ಗೂಢಚಾರಿಣಿ. 1943ರ ಜೂನ್‌ನಲ್ಲಿ ಪ್ಯಾರಿಸ್‌ಗೆ ಹೋದಳು, ವೈರ್‌ಲೆಸ್ ಕೆಲಸಕ್ಕೆ. ಸೂಟ್‌ಕೇಸ್ ತುಂಬಾ ಭಾರದ ಯಂತ್ರ, ಕಿಟಕಿಯಿಂದ ಮರಕ್ಕೆ ಕಟ್ಟಬೇಕಾದ ತಂತಿ, ಜಾಸ್ತಿ ಹೊತ್ತು ಸಂದೇಶ ಕಳಿಸಿದರೆ ಪತ್ತೆ ಹಚ್ಚುವ ಜರ್ಮನ್ ವ್ಯಾನ್ ಬೀದಿಗೇ ಬರುತ್ತಿತ್ತು. ಅವಳ ಜೊತೆಯವರೆಲ್ಲ ಸಿಕ್ಕಿಬಿದ್ದ ಮೇಲೆ ವಾಪಸ್ ಬಾ ಅಂದರೂ ಬರಲಿಲ್ಲ, ಮನೆ ಬದಲಿಸುತ್ತಾ ಒಬ್ಬಳೇ ಕೆಲಸ ಮಾಡಿದಳು. ಅಕ್ಟೋಬರಿನಲ್ಲಿ ಹಿಡಿದರು, 1944ರ ಸೆಪ್ಟೆಂಬರಿನಲ್ಲಿ ಜರ್ಮನ್ನರ ದಖಾವ್ ಸೆರೆಶಿಬಿರದಲ್ಲಿ ಕೊಂದರು. ಅವಳ ಕಥೆ ಓದಿದ ಮೇಲೆ ಈ ಸಿನಿಮಾದ ಪಾರ್ಟಿ ಸೀನ್ ನೋಡಿದರೆ ಮನಸ್ಸಿಗೆ ಏನೂ ಹತ್ತುವುದಿಲ್ಲ.

ಬೈತಖೋಲ:
ಯುದ್ಧದ ಗೂಢಚಾರಿಕೆ ಅಂತ ಅಷ್ಟು ದೂರ ಯಾಕೆ ಹೋಗುತ್ತೀರಿ, ನಮ್ಮ ಪಕ್ಕದಲ್ಲೇ ನಡೆದಿದೆ. ಆಗ ಮಾಜಾಳಿಯ ಈಚೆ ಬ್ರಿಟಿಷರ ಮುಂಬಯಿ ಪ್ರಾಂತ್ಯ, ಆಚೆ ಪೋರ್ಚುಗೀಸರ ಗೋವಾ, ತಟಸ್ಥ ನೆಲ. ಮುರಗಾಂವ ಬಂದರಿನಲ್ಲಿ ಜರ್ಮನ್ ಹಡಗು ಎಹ್ರೆನ್‌ಫೆಲ್ಸ್ ಆಸರೆ ಪಡೆದು ನಿಂತಿತ್ತು. ಅದರಲ್ಲಿ ವೈರ್‌ಲೆಸ್ ಇಟ್ಟುಕೊಂಡು ನಮ್ಮ ಹಡಗುಗಳ ಸುದ್ದಿಯನ್ನು ಜರ್ಮನ್ ಸಬ್‌ಮರೀನ್‌ಗಳಿಗೆ ಕೊಡುತ್ತಿದ್ದಾರೆ ಅಂತ ಬ್ರಿಟಿಷರ ಅನುಮಾನ. ತಟಸ್ಥ ಬಂದರು, ಸೈನ್ಯ ನುಗ್ಗುವ ಹಾಗಿಲ್ಲ. ಅದಕ್ಕೆ ಕಲ್ಕತ್ತಾ ಲೈಟ್ ಹಾರ್ಸ್ ಅನ್ನುವ ಹವ್ಯಾಸಿ ಪಡೆಯ ನಡುವಯಸ್ಸಿನ ವ್ಯಾಪಾರಿಗಳು, ಕಂಪನಿ ನೌಕರರನ್ನು ಸೇರಿಸಿ, ಫೀಬಿ ಅನ್ನುವ ಹೂಳೆತ್ತುವ ದೋಣಿಯಲ್ಲಿ ಕಳಿಸಿದರು. 1943ರ ಮಾರ್ಚ್ 9ರ ರಾತ್ರಿ ಹಡಗು ಹತ್ತಿದರು, ಜರ್ಮನ್ನರು ತಾವೇ ಹಡಗುಗಳನ್ನು ಮುಳುಗಿಸಿದರು. ಅವರು ದೋಣಿ ಹತ್ತಿದ್ದು ಕೊಚ್ಚಿಯಲ್ಲಿ, ಅಲ್ಲಿಂದ ಮುರಗಾಂವಿಗೆ ಹೋಗಬೇಕಾದರೆ ನಮ್ಮ ಕರಾವಳಿಯ ಎದುರಿನ ಸಮುದ್ರದಲ್ಲೇ ಹೋಗಬೇಕು ಅಲ್ವಾ. ನಮ್ಮೂರ ಶಾಲೆಯಲ್ಲಿ ಇದನ್ನು ಯಾಕೆ ಹೇಳಿಕೊಡಲಿಲ್ಲ?

ಹೊನ್ನಾವರ ಹೊಳೆ:
ಇದರ ಮೇಲೆ 1980ರಲ್ಲಿ ಇಂಗ್ಲಿಷ್ ಸಿನಿಮಾ ಬಂದಿದೆ. ಅದರಲ್ಲೂ ರೋಜರ್ ಮೂರ್‌ಗೆ ಒಬ್ಬ ಗೂಢಚಾರಿಣಿಯ ಜೊತೆ ಪ್ರೇಮ ಅಂಟಿಸಿದ್ದಾರೆ. ಕಥೆ ತಾನೇ ಅಷ್ಟು ಗಟ್ಟಿ ಇರುವಾಗ ಆ ಪ್ರೇಮ ಯಾಕೆ ಬೇಕಿತ್ತು?

ಶಿರಸಿ ಮಳೆ:
ಹಾಗೆ ನೋಡಿದರೆ ಕಾರವಾರ ಬೀಚಿನಲ್ಲಿ ನಿಂತಿರುವ ಚಾಪಲ್ ಹಡಗು 1971ರಲ್ಲಿ ಕರಾಚಿಗೆ ಹೋಗಿ ಬಾಂಬ್ ಹಾಕಿ ಬಂದದ್ದು. ನಾವು ಶಾಲೆಯ ಪ್ರವಾಸದಲ್ಲಿ ನೋಡಿದ್ದೇವೆ. ಅದರ ಮೇಲೆ ಸಿನಿಮಾ ಮಾಡಬೇಕು.

ನೌಕೆಯಿಂದ ನಿವೃತ್ತ:
ಈ ಮಾತು ಊರಲ್ಲಿ ತುಂಬಾ ಕೇಳುತ್ತೇನೆ, ಆದರೆ ಲೆಕ್ಕ ಕೂಡುವುದಿಲ್ಲ. ಚಾಪಲ್ ನೌಕಾಪಡೆ ಸೇರಿದ್ದೇ 1976ರಲ್ಲಿ. ಕರಾಚಿ ಮೇಲೆ ಡಿಸೆಂಬರ್ 4ರ ರಾತ್ರಿ ಕ್ಷಿಪಣಿ ಬಿಟ್ಟದ್ದು ನಿಪಟ್, ನಿರ್ಘಾತ್, ವೀರ್. ಅವೂ ಸೋವಿಯತ್ ದೇಶದಿಂದ ಬಂದ ಕ್ಷಿಪಣಿ ದೋಣಿಗಳು, ಅದೇ ಜಾತಿಯ ಹಿಂದಿನ ಮಾದರಿ. ಚಾಪಲ್ ನೋಡಿದರೆ ಆ ದೋಣಿಗಳು ಹೇಗಿದ್ದವು ಅಂತ ಗೊತ್ತಾಗುತ್ತದೆ, ಅದಕ್ಕೇ ಆ ಮ್ಯೂಸಿಯಂಗೆ ಬೆಲೆ. ಅಷ್ಟು ಸಣ್ಣ ದೋಣಿಯಲ್ಲಿ ಎರಡೂ ಬದಿ ಕ್ಷಿಪಣಿ ಡಬ್ಬ ಹೊತ್ತುಕೊಂಡು ಕರಾಚಿ ತನಕ ಹೋದರಲ್ಲ, ಆ ಧೈರ್ಯ ಸಾಮಾನ್ಯದ್ದಲ್ಲ.

ಪ್ರೇಮದ ಬಲೆಯ ವಿಷಯ ಬಂದಿದ್ದಕ್ಕೆ ಒಂದು ಮಾತು. 2025ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯಲ್ಲೇ ಎನ್‌ಐಎ ಬಂದು ನೌಕಾನೆಲೆಯ ಮಾಹಿತಿ ಹೊರಗೆ ಹೋದ ಆರೋಪದ ಮೇಲೆ ಬಂಧಿಸಿದ್ದು ಎಲ್ಲರಿಗೂ ಗೊತ್ತು. ಫೇಸ್‌ಬುಕ್‌ನಲ್ಲಿ ಹೆಣ್ಣಿನ ಹೆಸರಲ್ಲಿ ಗೆಳೆತನ, ಸ್ವಲ್ಪ ದುಡ್ಡು, ಕೆಲವು ಫೋಟೊ. ಇವತ್ತಿನ ಬೇಹುಗಾರಿಕೆ ಇಷ್ಟೇ ಸಪ್ಪೆ, ಇಷ್ಟೇ ಅಪಾಯ. ಮನೆಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಿ.

ಬೈತಖೋಲ:
ಸರ್ ಹೇಳಿದ್ದು ನಿಜ. ಇಲ್ಲಿ ಬಂದರಿನಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ.

ಕೋಡಿಬಾಗ ಕಡಲು:
ಎಲ್ಲರೂ ಮತ್ತೆ ಸಿನಿಮಾಕ್ಕೆ ಬನ್ನಿ. ಮಾಣಿ, ನಿಮಗೆ ಒಂದು ಪ್ರಶ್ನೆ. ಒಳಗೆ ಇರುವುದು ಸಂಸಾರದ ಕಥೆ ಅಂದರಲ್ಲ, ಪ್ರೇಮಕಥೆಯಾಗಿಯಾದರೂ ಅದು ನಿಲ್ಲುತ್ತದಾ?

ಭಟ್ರ ಮನೆ ಮಾಣಿ:
ನಿಲ್ಲುತ್ತದೆ, ಒಂದು ಸೀನಿನ ಬಲದ ಮೇಲೆ. ಅವಳು ಯಾರ ಹೆಸರಿನಲ್ಲಿ ಬಂದಳೋ ಆ ನಿಜವಾದ ಮರಿಯಾನ್ ಪಿಯಾನೊ ನುಡಿಸುತ್ತಿದ್ದಳು, ಜರ್ಮನ್ನರ ಎದುರಿಗೇ ಫ್ರೆಂಚ್ ರಾಷ್ಟ್ರಗೀತೆ ನುಡಿಸಿದ್ದಳು ಅಂತ ಆ ಕುಡುಕ ಹೇಳಿರುತ್ತಾನೆ. ಗಂಡ ಬಂದು ಹೆಂಡತಿಯನ್ನು ಪಿಯಾನೊ ಮುಂದೆ ಕೂರಿಸಿ ನುಡಿಸು ಅನ್ನುತ್ತಾನೆ. ಅವಳು ನುಡಿಸುವುದಿಲ್ಲ. ಕೊಟಿಯಾರ್ ಮುಖ ನೋಡಿ ಅಲ್ಲಿ. ಸಿಕ್ಕಿಬಿದ್ದೆ ಅನ್ನುವ ಭಯಕ್ಕಿಂತ, ಇನ್ನು ಸುಳ್ಳು ಹೇಳಬೇಕಾಗಿಲ್ಲ ಅನ್ನುವ ಸುಸ್ತು ಜಾಸ್ತಿ ಕಾಣುತ್ತದೆ. ಕಾಸಾಬ್ಲಾಂಕಾದಲ್ಲೇ ಅವಳು ಅವನಿಗೆ ಹೇಳಿರುತ್ತಾಳೆ, ನಾನು ವೇಷ ಹಾಕಿದರೂ ಭಾವನೆ ಮಾತ್ರ ನಿಜವಾಗಿಯೇ ಇಟ್ಟುಕೊಳ್ಳುತ್ತೇನೆ ಅಂತ. ಆ ಮಾತನ್ನು ನಂಬಿದರೆ ಇಡೀ ಸಿನಿಮಾ ಹಿಡಿಸುತ್ತದೆ.

ಹೊನ್ನಾವರ ಹೊಳೆ:
ಆ ಸೀನ್ ನನಗೂ ಇಷ್ಟ. ಆದರೆ ಅವಳ ಕಡೆಯಿಂದ ಒಂದು ದಿನ ತೋರಿಸಲಿಲ್ಲ. ಮಗುವನ್ನು ನೋಡಿಕೊಳ್ಳುವ ಹೆಂಗಸೇ ಶತ್ರುವಿನ ಕಡೆಯವಳು, ಮಗುವನ್ನು ಕೊಲ್ಲುತ್ತೇವೆ ಅಂತ ಹೆದರಿಸಿದ್ದರು ಅಂತ ಕೊನೆಗೆ ನಾಲ್ಕು ಮಾತಲ್ಲಿ ತಿಳಿಯುತ್ತದೆ. ಶತ್ರುವನ್ನು ದಿನಾ ಮನೆಯೊಳಗೆ ಇಟ್ಟುಕೊಂಡು, ಮಗುವನ್ನು ಅವಳ ಕೈಗೆ ಕೊಟ್ಟು, ಗಂಡನ ಎದುರು ನಗುತ್ತಾ ಬದುಕಿದವಳ ಕಥೆ ಇದು. ಕ್ಯಾಮೆರಾ ಪೂರ್ತಿ ಹೊತ್ತು ಗಂಡನ ಬೆನ್ನು ಹಿಡಿದು ಓಡಿತು.

ಅಂಕೋಲೆ ಅಕ್ಕ:
ನೂರಕ್ಕೆ ನೂರು. ಎರಡು ಮಕ್ಕಳನ್ನು ಸಾಕಿದವಳಾಗಿ ಹೇಳುತ್ತೇನೆ, ಆ ಭಾಗ ಕೇಳಿ ಹೊಟ್ಟೆ ತೊಳಸಿತು. ಅದನ್ನು ತೋರಿಸಿದ್ದರೆ ಯಾರೂ ಲಾಜಿಕ್ ಕೇಳುತ್ತಿರಲಿಲ್ಲ.

ಕುಮಟೆ ಮಾಸ್ತರು:
ನಾನು ಕೇಳುತ್ತಿದ್ದೆ. ಕೊನೆಯಲ್ಲಿ ಅವನು ಆ ಆಯಾ ಮತ್ತು ಅದೇ ಜಾಲದ ಆಭರಣದ ಅಂಗಡಿಯವನು ಇಬ್ಬರನ್ನೂ ಕೊಂದುಬಿಡುತ್ತಾನೆ. ಇಡೀ ಜಾಲದ ಬಗ್ಗೆ ಬಾಯಿಬಿಡಬಲ್ಲವರು ಅವರಿಬ್ಬರೇ. ಆಮೇಲೆ ವಿಮಾನ ನಿಲ್ದಾಣದಲ್ಲಿ ಅವಳೂ ಗುಂಡು ಹೊಡೆದುಕೊಂಡು ಸಾಯುತ್ತಾಳೆ. ಮೇಲಧಿಕಾರಿ, ಗಂಡನೇ ಆಜ್ಞೆ ಪಾಲಿಸಿ ಕೊಂದ ಅಂತ ವರದಿ ಬರೆಸಿ ಅವನನ್ನು ಉಳಿಸುತ್ತಾನೆ. ಆ ಮೇಲಧಿಕಾರಿಗೆ ಮನಸ್ಸಿದೆ, ಒಪ್ಪುತ್ತೇನೆ. ಆದರೆ ಲಂಡನ್ನಿನಲ್ಲಿದ್ದ ಜರ್ಮನ್ ಜಾಲ ಎಷ್ಟು ದೊಡ್ಡದು, ಇನ್ಯಾರ ಮನೆಯಲ್ಲಿ ಇಂಥ ಆಯಾ ಇದ್ದಾಳೆ ಅಂತ ಇನ್ನು ಯಾರನ್ನು ಕೇಳಬೇಕು?

ಅಂಕೋಲೆ ಅಕ್ಕ:
ಮಾಸ್ತರೇ, ಅವನ ಜಾಗದಲ್ಲಿ ನೀವಿದ್ದು, ನಿಮ್ಮ ಮಗುವನ್ನು ಕೊಲ್ಲುತ್ತೇನೆ ಅಂದವಳು ಎದುರಿಗಿದ್ದರೆ, ಕೂರಿಸಿ ವಿಚಾರಣೆ ಮಾಡುತ್ತಿದ್ದಿರಾ?

ಕುಮಟೆ ಮಾಸ್ತರು:
ಆಯಾಳನ್ನು ಬಿಡಿ, ಒಪ್ಪಿದೆ. ಅಂಗಡಿಯವನನ್ನಾದರೂ ಜೀವಸಹಿತ ಹಿಡಿಯಬೇಕಿತ್ತು.

ಶಿರಸಿ ಮಳೆ:
ಕರೆಂಟ್ ಬಂತು. ಉಳಿದರ್ಧ ನೋಡಿ ಬಂದು ಮಾಸ್ತರ ಜೊತೆ ಜಗಳ ಮುಂದುವರಿಸುತ್ತೇನೆ.